ಬೆಟ್ಟದ ರಾಜನ ವಂಶಾವಳಿ

ನನ್ನ ಹೆಂಡತಿಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಹೀಗೆ ಹೇಳಬೇಕಾಗುತ್ತದೆ: ತೂಕ ಮಧ್ಯಮ, ಮಾತು ಭಾರಿ. ಕಣ್ಣು ನಿರ್ಮಲ, ನಾನು ಚಪ್ಪಲಿ ಬಿಡುವ ಸದ್ದಿನಿಂದಲೇ ಅವತ್ತಿನ ವ್ಯಾಪಾರ ಹೇಗಾಯಿತೆಂದು ಹೇಳಬಲ್ಲಷ್ಟು ಕಿವಿ ಚುರುಕು. ನಡಿಗೆ ನೇರ. ಹಗ್ಗ ಹಿಡಿದು ಎಳೆದರೆ ಬರುವ ಜೀವವಲ್ಲ. ಎಳೆದವನೇ ಸ್ವಲ್ಪ ಹೊತ್ತಿಗೆ ಹಿಂದೆ ಹಿಂದೆ ಹೋಗುತ್ತಿರುತ್ತಾನೆ. ಹಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕಸುಬು. ಆದರೆ ಈ ಒಂದು ಬಾಯನ್ನು ಬಿಡಿಸಿ ನೋಡುವ ಅಗತ್ಯ ಇದುವರೆಗೆ ಬಿದ್ದಿಲ್ಲ. ಅದು ಸಾಮಾನ್ಯವಾಗಿ ತೆರೆದೇ ಇರುತ್ತದೆ. (ಈ ಸಾಲು ಅವಳ ಕಣ್ಣಿಗೆ ಬಿದ್ದರೆ ಇದು ಅಚ್ಚಿನ ದೋಷವೆಂದು ಓದುಗರು ಸಾಕ್ಷಿ ನುಡಿಯಬೇಕು.) ಸಂತೆಯಲ್ಲಿ ಇಂಥ ಸರಕು ಕಂಡಾಗ ಅನುಭವಸ್ಥ ವ್ಯಾಪಾರಿ ಚೌಕಾಸಿಗೆ ಇಳಿಯುವುದಿಲ್ಲ. ಎಲ್ಲ ಷರತ್ತುಗಳಿಗೂ ತಲೆಯಾಡಿಸಿ, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಾನೆ. ನಾನೂ ಹಾಗೇ ಬಂದವನು.

ನನ್ನದು ಮಾರುಕಟ್ಟೆಯ ಮೂಲೆಯಲ್ಲೊಂದು ಮಾಂಸದ ಅಂಗಡಿ. ಒಂದು ತಕ್ಕಡಿ, ಒಂದು ಮರದ ಕೊರಡು, ಸಾಲಾಗಿ ಕೊಕ್ಕೆಗಳು, ಹಿಂದುಗಡೆ ಜೀವಂತ ಸರಕು ಕಟ್ಟಲು ತಗಡಿನ ಕೊಟ್ಟಿಗೆ. ಇಷ್ಟರಲ್ಲಿ ನಾನು ಸಂಪಾದಿಸಿದ್ದು ಒಂದು ಸಂಸಾರ ಮತ್ತು ಒಂದು ಸಿದ್ಧಾಂತ. ಸಂಸಾರದ ಮೇಲೆ ನನಗೆ ಹೆಚ್ಚಿನ ಹಿಡಿತವಿಲ್ಲ. ಸಿದ್ಧಾಂತ ಮಾತ್ರ ಪೂರ್ತಿ ನನ್ನದು. ಅದು ಇಷ್ಟೇ: ಮಾಂಸವೆಂದರೆ ತಳಿ. ಕಿವಿ ಉದ್ದವಿದ್ದು, ಮೂಗು ಉಬ್ಬಿದ್ದು, ಗಡ್ಡ ಗಂಭೀರವಾಗಿದ್ದರೆ ಆ ಹೋತದ ತೊಡೆಯಲ್ಲಿ ರುಚಿ ಹುಟ್ಟಿನಿಂದಲೇ ಕೂತಿರುತ್ತದೆ. ಹುಲ್ಲು ತಿನ್ನಲಿ, ಹಳೇ ಪೇಪರು ತಿನ್ನಲಿ, ರಕ್ತ ಎಲ್ಲಿಗೆ ಹೋಗುತ್ತದೆ? "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಹಿರಿಯರು ಸುಮ್ಮನೆ ಹೇಳಿದರೇ?

ನನ್ನ ಹೆಂಡತಿಯದು ಎದುರು ಪಕ್ಷ. ಅವಳ ಪ್ರಕಾರ ಮಾಂಸವೆಂದರೆ ಮೇವು. ಬಾಯಿಗೆ ಹೋದದ್ದೇ ಮೈಗೆ ಹತ್ತುವುದು, ಮೈಗೆ ಹತ್ತಿದ್ದೇ ತಟ್ಟೆಗೆ ಬರುವುದು. ನಡುವೆ ನಿಮ್ಮ ವಂಶ ಎಲ್ಲಿಂದ ಬಂತು ಎಂದು ಕೇಳುತ್ತಾಳೆ.

ಈ ವಾದ ಅಂಗಡಿಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಮನೆಯೊಳಗೆ ಬಂದು ಪ್ರತಿಯೊಂದು ವಸ್ತುವಿನ ಮೇಲೂ ಕೂತಿತು. ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೆ "ತಳಿ ನಿಮ್ಮದಲ್ವಾ" ಎನ್ನುತ್ತಾಳೆ. ಹೆಚ್ಚು ಬಂದರೆ "ಮೇವು ನನ್ನದಲ್ವಾ" ಎನ್ನುತ್ತಾಳೆ. ನನ್ನ ಬುದ್ಧಿವಂತಿಕೆ ನಮ್ಮ ಮನೆತನದಿಂದ ಬಂದದ್ದೆಂದು ನಾನು ಒಮ್ಮೆ ಅಂದದ್ದಕ್ಕೆ, ಹಾಗಾದರೆ ಹೊಟ್ಟೆ ಯಾರ ಮನೆತನದ್ದು ಎಂದು ಕೇಳಿದಳು. ನಮ್ಮಮ್ಮ ತೀರ್ಪುಗಾರ್ತಿ. ಬೆಳಗ್ಗೆ ಮಗನ ಪರ, ತಳಿಗೆ ಜಯ. ಮಧ್ಯಾಹ್ನ ಊಟವಾದ ಮೇಲೆ ಸೊಸೆಯ ಪರ, ಮೇವಿಗೆ ಜಯ. ಸಂಜೆ ಕೇಳಿದರೆ ತನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎನ್ನುತ್ತಾಳೆ.

ಹೆಂಡತಿ ತನ್ನ ಸಿದ್ಧಾಂತವನ್ನು ಹಿತ್ತಲಲ್ಲಿ ಕಟ್ಟಿಹಾಕಿಕೊಂಡಿದ್ದಳು. ಒಂದು ಕಪ್ಪು ಬಿಳಿ ಮಚ್ಚೆಯ ಮೇಕೆ, ಅದರ ಮಕ್ಕಳು, ಮೊಮ್ಮಕ್ಕಳು. ಗಿಡ್ಡ ಕಾಲು, ಗಿಡ್ಡ ಕಿವಿ, ಗಡ್ಡ ಇದೆಯೋ ಇಲ್ಲವೋ ಎಂಬಷ್ಟು. ನಾನು ಆ ಕಡೆ ಕಣ್ಣೆತ್ತಿ ನೋಡಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಗಾದೆ; ನನ್ನ ಪಾಲಿಗೆ ಅದು ವ್ಯಾಪಾರದ ನೀತಿಯೂ ಆಗಿತ್ತು. ಅವುಗಳಲ್ಲಿ ಒಂದು ಗಂಡು ಮರಿ ಬಲು ತಂಟೆಕೋರ. ತುಟಿಯಿಂದ ಬಾಗಿಲಿನ ಚಿಲಕ ಎತ್ತಿ ಅಡುಗೆಮನೆಗೆ ನುಗ್ಗಿ, ಮೂಲೆಯ ಬುಟ್ಟಿಯಲ್ಲಿದ್ದ ತರಕಾರಿ ಸಿಪ್ಪೆ ಖಾಲಿ ಮಾಡುತ್ತಿತ್ತು. ಹಾಗಾಗಿ ಅದಕ್ಕೆ ಚಿಲಕ ಎಂದೇ ಹೆಸರು. ಅದು ಒಮ್ಮೆ ಬೇಲಿಯ ತಂತಿಗೆ ಸಿಕ್ಕಿಕೊಂಡು ಕಿವಿ ಹರಿದುಕೊಂಡಿತಂತೆ. ಅವಳು ಹೇಳುವಾಗ ನಾನು ಪೇಪರು ಓದುತ್ತಾ ಹೂಂ ಅಂದಿದ್ದೆ. ಇದನ್ನು ಬೆಳೆಸಿದರೆ ಅಂಗಡಿಗೆ ಹಾಕಿಕೊಳ್ಳುತ್ತೀರಾ ಎಂದು ಅವಳು ಕೇಳಿದಾಗ, ಇಂಥದ್ದನ್ನು ತೂಗುಹಾಕಿದರೆ ನನ್ನ ಕೊಕ್ಕೆಗೇ ನಾಚಿಕೆ ಎಂದು ನಾನು ಅಂದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅವಳಿಗೆ ಇನ್ನೂ ಚೆನ್ನಾಗಿ ನೆನಪಿದೆ. ಕೆಲವು ತಿಂಗಳ ಮೇಲೆ ಆ ಮರಿ ಹಿತ್ತಲಲ್ಲಿ ಕಾಣಲಿಲ್ಲ, ಅಡುಗೆಮನೆಗೆ ಹೊಸ ಒಲೆ ಬಂದಿತ್ತು. ಯಾರಿಗೋ ಮಾರಿದ್ದಾಳೆ ಎಂದುಕೊಂಡೆ. ಕೊಂಡವನ ಬಗ್ಗೆ ಮರುಕವೂ ಪಟ್ಟೆ.

ಇಷ್ಟರಲ್ಲಿ ನನ್ನ ಅಂಗಡಿಗೆ ಎದುರಾಗಿ ಇನ್ನೊಂದು ಅಂಗಡಿ ತೆರೆಯಿತು. ಎಲ್ಲ ಗಾಜು. ಗಾಜಿನ ಒಳಗೆ ತಂಪು, ತಂಪಿನ ಒಳಗೆ ದೀಪ, ದೀಪದ ಕೆಳಗೆ ಮಾಂಸ ಮದುಮಗನಂತೆ ಮಲಗಿರುತ್ತಿತ್ತು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ದಾಟುವಾಗ ನನ್ನ ಕಡೆ ನೋಡಿ ನಗುತ್ತಿದ್ದರು, ಅದೊಂದು ದೊಡ್ಡ ಗುಣ. ನಾನು ನೊಣ ಓಡಿಸುವುದರಲ್ಲಿ ಪರಿಣತನಾದೆ. ಹೀಗೇ ಮುಂದುವರಿದರೆ ಅಂಗಡಿಯ ಬಾಗಿಲೆಳೆದು ನನಗೆ ಸರಕು ಕೊಡಿಸುವ ದಲ್ಲಾಳಿಯ ಹತ್ತಿರ ಆಡು ಕಾಯುವ ಕೆಲಸಕ್ಕೆ ಸೇರಬೇಕಾಗುತ್ತದೆ ಎಂದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಹೇಳದೆ ಉಳಿದಿದ್ದ ಮಾತು ಬಹುಶಃ ಅದೊಂದೇ.

ಆಗ ದೇವರು ಒಬ್ಬ ಬಾಣಸಿಗನನ್ನು ಕಳಿಸಿದ. ಹೆದ್ದಾರಿ ಪಕ್ಕದ ಹೊಸ ವಸತಿಗೃಹದ ಮುಖ್ಯ ಅಡುಗೆಯವನು. ಮೀಸೆ ದಪ್ಪ, ಮಾತು ತೆಳು. ದಿನವೂ ಮಾಂಸ ಬೇಕು, ವರ್ಷವಿಡೀ ಬೇಕು. ಎದುರಿನ ಗಾಜಿನಂಗಡಿಯನ್ನೂ ನೋಡಿ ಬಂದಿದ್ದೇನೆ ಎಂದ. ಹಳೆಯ ವರ್ತಕನ ಮಾಂಸ ಒಂದು ದಿನ ನಾರು, ಒಂದು ದಿನ ಬರೀ ಕೊಬ್ಬು, ಇನ್ನೊಂದು ದಿನ ಊಟದ ಕೋಣೆಯಿಂದ ಜನ ಎದ್ದು ಹೋಗುವಂಥ ವಾಸನೆಯಂತೆ. ಆದ್ದರಿಂದ ಅವನ ಷರತ್ತು ವಿಚಿತ್ರವಾಗಿತ್ತು: ಮೊದಲು ಪ್ರಾಣಿಯನ್ನು ಜೀವಂತವಾಗಿ ನೋಡಬೇಕು, ಅದು ಯಾವ ತಳಿ, ಏನು ತಿಂದು ಬೆಳೆದದ್ದು ಎಂದು ತಿಳಿಯಬೇಕು, ಆಮೇಲೆ ಬರೀ ಉಪ್ಪು ಮೆಣಸು ಹಾಕಿ ಬೇಯಿಸಿದ್ದನ್ನು ತಿಂದು ನೋಡಬೇಕು.

ತಳಿ ಎಂಬ ಮಾತು ಅವನ ಬಾಯಿಂದ ಬಂದದ್ದೇ ತಡ, ನನಗೆ ಅಂಗಡಿಯಲ್ಲೇ ಅಪ್ಪಿಕೊಳ್ಳುವಷ್ಟು ಪ್ರೀತಿ ಉಕ್ಕಿತು. ವಾರ ಕಳೆದು ಮನೆಗೇ ಬರುವಂತೆ ಆಹ್ವಾನ ಕೊಟ್ಟೆ.

ನೇರವಾಗಿ ಓಡಿದ್ದು ದಲ್ಲಾಳಿಯ ಹತ್ತಿರ. ದಲ್ಲಾಳಿ ನನ್ನ ಮುಖ ನೋಡಿದ. (ಗಿರಾಕಿಯ ಮುಖ ನೋಡಿ ಅವನ ಅವಸರವನ್ನು ತೂಗುವುದು ನಾನೇ ಅವನಿಗೆ ಕಲಿಸಿದ ವಿದ್ಯೆ.) ಒಂದು ಮಾತೂ ಆಡದೆ ಒಳಗೆ ಹೋಗಿ ಒಂದು ಹೋತವನ್ನು ಹಿಡಿದುಕೊಂಡು ಬಂದ. ಏನು ಹೇಳಲಿ, ಅದು ಬರಲಿಲ್ಲ, ದಯಮಾಡಿಸಿತು. ಮೈ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು (ಎಣ್ಣೆ ಹಚ್ಚಿದ್ದ ಎಂದು ಆಮೇಲೆ ತಿಳಿಯಿತು). ಕೊರಳಲ್ಲಿ ಹಿತ್ತಾಳೆ ಗಂಟೆ. ಬೆನ್ನಿಗೆ ಕೈಯೊತ್ತಿ ನೋಡಿದೆ. ಮೂಳೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ತುಂಬಿದ ಮೈ.

"ಬೆಟ್ಟದ ರಾಜ ಅಣ್ಣಾ" ಎಂದ ದಲ್ಲಾಳಿ, ಗುಟ್ಟು ಹೇಳುವವನಂತೆ. "ಆ ಕಡೆ ಬೆಟ್ಟಗಳಲ್ಲಿ ಮಾತ್ರ ಹುಟ್ಟೋ ತಳಿ. ಕಿವಿ ನೋಡು, ಕಚ್ಚು ಇದೆಯಲ್ಲ? ಶುದ್ಧ ರಕ್ತದ ಮರಿ ಹುಟ್ಟಿದ್ರೆ ಮಾತ್ರ ಅಲ್ಲಿಯವರು ಹಾಗೆ ಗುರುತು ಹಾಕ್ತಾರೆ."

ಕಿವಿ ಸ್ವಲ್ಪ ಗಿಡ್ಡವಾಗಿದೆಯಲ್ಲ ಎಂದು ನಾನು ಅನುಮಾನ ಎತ್ತಿದ್ದು ನಿಜ. ಬೆಟ್ಟದ ಚಳಿಗೆ ಕಿವಿ ಉದ್ದ ಬಿಟ್ಟರೆ ಮರಗಟ್ಟುತ್ತದೆ, ಅದಕ್ಕೇ ರಾಜವಂಶದವು ಕಿವಿಯನ್ನು ಅಡಕವಾಗಿ ಇಟ್ಟುಕೊಂಡಿವೆ ಎಂದ. ಇಷ್ಟು ಶಾಸ್ತ್ರೋಕ್ತವಾದ ಉತ್ತರ ಕೇಳಿದ ಮೇಲೆ ಚೌಕಾಸಿ ಮಾಡುವುದು ಅಸಭ್ಯತೆ ಎನಿಸಿತು. ಅವನು ಹೇಳಿದಷ್ಟು ಕೊಟ್ಟೆ. ರುಚಿಗೆಂದು ಅದೇ ವಂಶದ ಇನ್ನೊಂದನ್ನೂ ಕೊಡಿಸಿದ; ದೊಡ್ಡ ಗಡ್ಡದ, ವಯಸ್ಸಾದ, ಬೀಜ ಒಡೆಸದ ಹೋತ. ರಾಜನಿಗೆ ಸ್ವಂತ ಚಿಕ್ಕಪ್ಪನಂತೆ. ಚಿಕ್ಕಪ್ಪ ನಿಂತಿದ್ದ ಕಡೆಯಿಂದ ಗಾಳಿ ಬೀಸಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೆಮ್ಮೆಯ ಕಣ್ಣೀರು ಎಂದುಕೊಂಡೆ.

ರಾಜನನ್ನು ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಬಚ್ಚಿಟ್ಟೆ. ಬಾಣಸಿಗ ಊಟಕ್ಕೆ ಬರುತ್ತಾನೆಂದಷ್ಟೇ ಮನೆಯಲ್ಲಿ ಹೇಳಿ, ರಾಜನ ಬಗ್ಗೆ ಬಾಯಿಬಿಡಲಿಲ್ಲ; ಬಾಣಸಿಗನನ್ನು ಗೆದ್ದು ಹೆಂಡತಿಯನ್ನೂ ಒಂದೇ ಏಟಿಗೆ ಸೋಲಿಸುವ ಆಸೆ. ಗೊತ್ತುಮಾಡಿದ್ದ ದಿನ ಬೆಳಗ್ಗೆ ಚಿಕ್ಕಪ್ಪನ ತೊಡೆ ಮಾಂಸ ತಂದು ಅವಳ ಮುಂದಿಟ್ಟೆ. ಅವಳು ಮುಚ್ಚಿದ ಬಟ್ಟೆ ಸರಿಸಿದಳು, ಮತ್ತೆ ಮುಚ್ಚಿದಳು.

"ಏನ್ರೀ ಇದು ವಾಸನೆ?"

ಅದು ವಾಸನೆಯಲ್ಲ, ವಂಶದ ಪರಿಮಳ ಎಂದೆ. ಅವಳು ಎದ್ದು ಕಿಟಕಿ ತೆರೆದಳು. ಅಮ್ಮ ತನ್ನ ಮಂಚವನ್ನು ನಡುಮನೆಯಿಂದ ಜಗಲಿಗೆ ಸಾಗಿಸಿಕೊಂಡಳು. ಇವತ್ತು ನಮ್ಮ ಅಂಗಡಿಯ ಹಣೆಬರಹ ನಿನ್ನ ಪಾತ್ರೆಯಲ್ಲಿದೆ, ದಯವಿಟ್ಟು ನಿನ್ನ ಮೇವಿನ ತತ್ವವನ್ನೆಲ್ಲ ಬದಿಗಿಟ್ಟು ಇದನ್ನು ಬೇಯಿಸಿಕೊಡು ಎಂದು ಬೇಡಿಕೊಂಡೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಆಗಲಿ ಎಂದಳು. ಇಷ್ಟು ಬೇಗ ಅವಳು ಒಪ್ಪಿದ್ದು ಅದೇ ಮೊದಲು. ಅನುಭವಸ್ಥ ವ್ಯಾಪಾರಿಯಾದ ನಾನು ಅಲ್ಲಿಯೇ ಎಚ್ಚೆತ್ತುಕೊಳ್ಳಬೇಕಿತ್ತು.

ಮಧ್ಯಾಹ್ನಕ್ಕೆ ಬಾಣಸಿಗ ಬಂದ. ರಾಜನನ್ನು ಮುಂದಿನ ಅಂಗಳದ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದೆ. ಹೆಂಡತಿ ಒಳಗೆ ಒಲೆಯ ಮುಂದೆ. ಅಮ್ಮ ಜಗಲಿಯ ಮಂಚದಲ್ಲಿ ಕನ್ನಡಕವಿಲ್ಲದೆ. ನಾನು ವಂಶಾವಳಿ ಶುರುಮಾಡಿದೆ. ಬೆಟ್ಟದ ಮಂಜು, ಬಂಡೆಯ ಮೇಲಿನ ನೆಗೆತ, ಚಳಿಗೆ ಅಡಕವಾದ ಕಿವಿ, ಆ ಕಿವಿಯಲ್ಲಿ ರಕ್ತಶುದ್ಧಿಯ ಕಚ್ಚು. ಅಜ್ಜ, ಮುತ್ತಜ್ಜ, ಅವರ ಗಡ್ಡಗಳು. ದಲ್ಲಾಳಿ ಹೇಳಿದ್ದರ ಮೇಲೆ ನನ್ನ ಕೊಡುಗೆಯೂ ಸ್ವಲ್ಪ ಸೇರಿತು. ಬಾಣಸಿಗ ಹೋತದ ಬೆನ್ನು ಒತ್ತಿ ನೋಡಿ, ಮೈ ಚೆನ್ನಾಗಿ ತುಂಬಿದೆ ಎಂದ. ಏನು ತಿನ್ನಿಸುತ್ತೀರಿ ಎಂದು ಕೇಳಿದ. ಅದಕ್ಕೆ ಏನು ತಿನ್ನಿಸಿದರೂ ನಡೆಯುತ್ತದೆ, ರಾಜವಂಶ ನೋಡಿ ಎಂದೆ. ಅವನ ಮೀಸೆಯ ಒಂದು ತುದಿ ಅಲ್ಲಾಡಿತು. ಅಷ್ಟು ಹೊತ್ತೂ ರಾಜ ಮಾತ್ರ ನನ್ನ ಕಡೆ ನೋಡದೆ, ಮನೆಯ ಪಕ್ಕದಿಂದ ಹಿತ್ತಲಿಗೆ ಹೋಗುವ ಓಣಿಯ ಕಡೆಗೇ ಕತ್ತು ಚಾಚಿ ನಿಂತಿತ್ತು.

ಒಳಗೆ ಊಟಕ್ಕೆ ಕೂತೆವು. ಅಡುಗೆಮನೆಯಲ್ಲೇ ಮೇಜು, ಹಿತ್ತಲ ಬಾಗಿಲಿಗೆ ಎದುರಾಗಿ. ಅಮ್ಮನೂ ಬಂದು ಕೂತಳು. ಹೆಂಡತಿ ಬಡಿಸಿದಳು. ಬಾಣಸಿಗ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. ನನ್ನ ಅಂಗಡಿ, ನನ್ನ ಕೊಕ್ಕೆಗಳು, ಮಗಳ ಶಾಲೆ, ಅಮ್ಮನ ಔಷಧಿ ಎಲ್ಲವನ್ನೂ ಅವನು ನಿಧಾನವಾಗಿ ಅಗಿಯುತ್ತಿದ್ದ.

ಕಣ್ಣು ತೆರೆದು, ಇಂಥದ್ದು ತಿಂದು ಬಹಳ ಕಾಲವಾಯಿತು ಎಂದ. ಎಳೆ ಸಣ್ಣ, ಮೃದು, ಕೊಬ್ಬು ಹದ, ವಾಸನೆಯ ಸುಳಿವಿಲ್ಲ. ಎರಡನೆಯ ತುಂಡಿಗೆ ಕೈ ಹಾಕಿದ.

ನಾನೂ ತಿಂದು ನೋಡಿದೆ. ಬೆಳಗ್ಗೆ ಅಮ್ಮನನ್ನು ಮಂಚದ ಸಮೇತ ಜಗಲಿಗೆ ಓಡಿಸಿದ ಚಿಕ್ಕಪ್ಪ ಬೆಂದ ಮೇಲೆ ಇಷ್ಟು ಸಾಧುವಾಗಿದ್ದು ಕಂಡು ನನಗೇ ಆಶ್ಚರ್ಯ. ತಳಿ ಎಂದರೆ ಇದು ಎಂದುಕೊಂಡು ಎದೆಯುಬ್ಬಿಸಿ, "ನೋಡಿ, ಈ ರುಚಿ ಮೇವಿಂದ ಬರೋದಲ್ಲ. ಬೆಟ್ಟದಿಂದ ಬಂದಿರೋದು" ಎಂದೆ. ಹೆಂಡತಿಯ ಕಡೆ ಒಂದು ಓರೆನೋಟವನ್ನೂ ಎಸೆದೆ. ಅವಳು ಬಾಣಸಿಗನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಟಕ್ ಎಂದು ಸದ್ದಾಯಿತು. ಬಾಗಿಲಿನ ಚಿಲಕ ತಾನಾಗಿ ಮೇಲೆದ್ದಿತು. ಬಾಗಿಲು ತೆರೆಯಿತು. ಮೊದಲು ಒಂದು ಮೂಗು, ಆಮೇಲೆ ಹಿತ್ತಾಳೆ ಗಂಟೆ, ಆಮೇಲೆ ಕಡಿದ ಹಗ್ಗದ ತುದಿಯ ಸಮೇತ ಸಾಕ್ಷಾತ್ ಬೆಟ್ಟದ ರಾಜ. ಅದು ನಮ್ಮತ್ತ ನೋಡಲೂ ಇಲ್ಲ. ಮೇಜನ್ನು ಬಳಸಿಕೊಂಡು, ಒಲೆಯನ್ನು ದಾಟಿ, ನೇರ ಮೂಲೆಗೆ ಹೋಗಿ, ಸಿಪ್ಪೆಯ ಬುಟ್ಟಿಗೆ ತಲೆ ಹಾಕಿತು. ಹಿಂದೆಯೇ ಬಾಗಿಲಲ್ಲಿ ಮಚ್ಚೆಯ ಮೇಕೆ ಬಂದು ನಿಂತು, ಕಳೆದುಹೋದ ಮಗ ಬಂದ ಸಂಭ್ರಮದಲ್ಲಿ ಒಂದೇ ಸಮನೆ ಕೂಗತೊಡಗಿತು.

"ಬಂದ್ಯಾ ಚಿಲಕ?" ಎಂದಳು ನನ್ನ ಹೆಂಡತಿ.

ಅಮ್ಮನಿಗೆ ಆಗ ಕಣ್ಣೂ ಕಂಡಿತು, ಕಿವಿಯೂ ಕೇಳಿಸಿತು. "ನಮ್ಮ ಚಿಲಕ ಕಣೋ ಮಗಾ. ನೋಡು, ತಂತಿಗೆ ಸಿಕ್ಕಿ ಹರಿದಿತ್ತಲ್ಲ ಕಿವಿ, ಹಾಗೇ ಇದೆ."

ಬಾಣಸಿಗ ಆ ಕಿವಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಿವಿಯನ್ನು ನೋಡಿದ. ಕೊಕ್ಕೆಗೆ ನಾಚಿಕೆ ಎಂದಿರಲ್ಲ, ಅದಕ್ಕೇ ದಲ್ಲಾಳಿಗೆ ಕೊಟ್ಟೆ ಎಂದಳು ಹೆಂಡತಿ, ಬಹಳ ಮೆಲ್ಲಗೆ. ಈಗ ಎಷ್ಟು ಕೊಟ್ಟು ತಂದಿರಿ ಎಂದು ಕೇಳಿದಳು. ನಾನು ಕೆಮ್ಮಿದೆ. ಅವಳು ನೀರು ಕೊಟ್ಟಳು.

ಹಾಗಾದರೆ ತಟ್ಟೆಯಲ್ಲಿರುವುದು ಯಾವುದು ಎಂದು ಬಾಣಸಿಗ ಕೇಳಿದ. ಅದೂ ಹಿತ್ತಲದ್ದೇ ಎಂದಳು. ಮರಿಯಾಗಿದ್ದಾಗಲೇ ಬೀಜ ಒಡೆಸಿದ ಎಳೆಯ ಹೋತ. ಊಟಕ್ಕೆ ಬರುವವರಿದ್ದಾರೆಂದು ನಿನ್ನೆಯೇ ಕಡಿಸಿ ತಂಪಲ್ಲಿ ಇಟ್ಟಿದ್ದಳಂತೆ. ಕಡಿದ ಕೂಡಲೇ ಒಲೆಗೆ ಹಾಕಿದರೆ ಯಾವ ವಂಶವಾದರೂ ಚಪ್ಪಲಿಯೇ. ನಾನು ತಂದ ಮಾಂಸ ಬೀದಿಯಲ್ಲಿದೆಯಂತೆ. ಕಿಟಕಿಯಿಂದ ಇಣುಕಿ ನೋಡಿದೆ. ಬೀದಿನಾಯಿ ಚಿಕ್ಕಪ್ಪನನ್ನು ಮೂಸಿತು, ಕಿಟಕಿಯಲ್ಲಿದ್ದ ನನ್ನನ್ನು ಒಮ್ಮೆ ನೋಡಿತು, ಎದ್ದು ಹೋಯಿತು.

ಯಾರು ಕಡಿದುಕೊಟ್ಟರು ಎಂದು ನಾನು ಕೇಳಬಾರದಿತ್ತು. ಕೇಳಿದೆ.

"ಎದುರಿನ ಗಾಜಿನಂಗಡಿಯವರು. ಮೂಳೆ ಚೂರಿಲ್ಲದ ಹಾಗೆ ಕಡಿದ್ರು, ಪಾಪ."

ಬಾಣಸಿಗ ಈಗ ನನ್ನ ಕಡೆಯಿಂದ ಕುರ್ಚಿಯನ್ನೇ ತಿರುಗಿಸಿ ಅವಳ ಕಡೆ ಕೂತಿದ್ದ. ಏನು ಮೇವು ಎಂದು ಕೇಳಿದ. ಅವಳು ಹೇಳಿದಳು: ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು, ಒಂದು ಬಿಸಿಲು ಬಾಡಿಸಿದ ಬಟಾಣಿ ಸಿಪ್ಪೆ, ಕೊನೆಯ ವಾರಗಳಲ್ಲಿ ನೆನೆಸಿದ ಬೂಸಾ ಮತ್ತು ಜೋಳದ ನುಚ್ಚು. ಈರುಳ್ಳಿ ಸಿಪ್ಪೆ ಮಾತ್ರ ಮುಟ್ಟಿಸುವುದಿಲ್ಲ. ಕಡಿಯುವ ಮುಂಚೆ ಓಡಿಸುವುದಿಲ್ಲ, ಹೆದರಿಸುವುದಿಲ್ಲ. ಹೆದರಿದ ಪ್ರಾಣಿಯ ಮಾಂಸ ಕಪ್ಪಾಗಿ ಗಟ್ಟಿಯಾಗುತ್ತದೆ. ಹಾಗಾದರೆ ತಳಿಯೇನೂ ಲೆಕ್ಕಕ್ಕಿಲ್ಲವೇ ಎಂದು ಅವನು ಕೇಳಿದ. ನಾನು ಕಿವಿ ನಿಮಿರಿಸಿದೆ.

"ಇದೆ ಅಣ್ಣಾ, ಯಾಕಿಲ್ಲ? ತಳಿ ಅಂದ್ರೆ ಪಾತ್ರೆ ಇದ್ದ ಹಾಗೆ. ನಮ್ಮ ಮೇಕೆದು ಸಣ್ಣ ಪಾತ್ರೆ, ತೂಕ ಬರಲ್ಲ, ಆದ್ರೆ ಎಳೆ ಸಣ್ಣ. ದೊಡ್ಡ ಪಾತ್ರೆನೂ ಒಳ್ಳೇದೇ. ಒಳಗೆ ಏನೂ ಹಾಕದೆ ಒಲೆ ಮೇಲಿಟ್ಟು ತಳಿ ತಳಿ ಅಂತ ಕೂತ್ರೆ ತಳ ಸುಡುತ್ತೆ, ಅಷ್ಟೇ."

ಬಾಣಸಿಗ ನಗಲಿಲ್ಲ. ಕೈ ತೊಳೆದುಕೊಂಡು ಬಂದು ನಿಂತ. ಮಾಂಸದ ಬಗ್ಗೆ ಎರಡು ಮಾತಿಲ್ಲ, ಆದರೆ ವರ್ಷಪೂರ್ತಿ ವ್ಯವಹಾರ ಮಾಡಬೇಕಾದದ್ದು ಅಂಗಡಿಯವರ ಜೊತೆ ಎಂದ. ತನ್ನ ಮನೆಯ ಹೋತವನ್ನೇ ಗುರುತಿಸದವನ ಕೈಗೆ ತನ್ನ ಅಡುಗೆಮನೆ ಒಪ್ಪಿಸುವುದು ಹೇಗೆ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಮೀಸೆ ಹೇಳಿತು. ಆಮೇಲೆ ನನ್ನನ್ನೇ ಕೇಳಿದ:

"ಮೇವು ಇವರದ್ದು. ಕಡಿದಿದ್ದು ಎದುರು ಅಂಗಡಿಯವರು. ಇದರಲ್ಲಿ ನಿಮ್ಮ ಕೆಲಸ ಏನು ಯಜಮಾನ್ರೇ?"

ಸಹಾಯಕ್ಕೆಂದು ಮೂಲೆಯಲ್ಲಿದ್ದ ಚಿಲಕನ ಕಡೆ ನೋಡಿದೆ, ಅದು ಸಿಪ್ಪೆ ಅಗಿಯುತ್ತಿತ್ತು. ಬಾಣಸಿಗ ಚಪ್ಪಲಿಯ ಕಡೆ ಒಂದು ಹೆಜ್ಜೆ ಇಟ್ಟ. ಅವನ ಹಿಂದೆಯೇ ನನ್ನ ಕೊರಡು, ತಕ್ಕಡಿ, ಕೊಕ್ಕೆಗಳು ಸಾಲಾಗಿ ಹೊರಟುಹೋಗುವುದು ನನ್ನ ಕಣ್ಣಿಗೆ ಕಾಣಿಸಿತು.

"ಸೊಪ್ಪು ತರೋದು ಅವರೇ" ಎಂದಳು ನನ್ನ ಹೆಂಡತಿ.

ಬಾಣಸಿಗ ನಿಂತ. ನಾನೂ ತಿರುಗಿ ನೋಡಿದೆ, ಇವಳು ಯಾರ ಬಗ್ಗೆ ಹೇಳುತ್ತಿದ್ದಾಳೆ ಎಂದು.

"ದಿನಾ ಬೆಳಗ್ಗೆ ಒಂದು ಹೊರೆ, ತಲೆ ಮೇಲೆ ಹೊತ್ಕೊಂಡು ಬರ್ತಾರೆ. ಮೇವಿನ ಗುಟ್ಟೆಲ್ಲ ಅವರದೇ. ಎದುರು ಅಂಗಡಿಯವರಿಗೆ ಗೊತ್ತಾಗಬಾರದು ಅಂತ ಹೊರಗೆ ಮಾತ್ರ ತಳಿ ತಳಿ ಅಂತ ಹೇಳ್ಕೊಂಡು ತಿರುಗ್ತಾರೆ. ನಿಮ್ಮ ಮುಂದೂ ಅದನ್ನೇ ಹೇಳಿದ್ದಾರೆ, ತಪ್ಪು ತಿಳ್ಕೋಬೇಡಿ. ವ್ಯಾಪಾರಸ್ಥರ ಬುದ್ಧಿ."

ಅಮ್ಮ ಬಾಯಿ ತೆರೆದಳು. ಸೊಸೆ ಅತ್ತೆಯ ತಟ್ಟೆಗೆ ಇನ್ನೊಂದು ಮೆತ್ತನೆಯ ತುಂಡು ಹಾಕಿದಳು. ಅಮ್ಮ ಅದೇ ಬಾಯಿಗೆ ಅದನ್ನು ಹಾಕಿಕೊಂಡಳು.

ಬಾಣಸಿಗ ನನ್ನನ್ನು ಹೊಸದಾಗಿ ನೋಡಿದ. ಇಷ್ಟು ಆಳದ ಮನುಷ್ಯನೆಂದು ಗೊತ್ತಿರಲಿಲ್ಲ ಎಂಬಂತಿತ್ತು ಆ ನೋಟ. ನಾನು ತಲೆ ತಗ್ಗಿಸಿದೆ. ಅದನ್ನು ಅವನು ವಿನಯವೆಂದು ತಿಳಿದ. ಹಿತ್ತಲ ಆಡುಗಳು ಸಾಲದು, ಸುತ್ತಲಿನ ಮನೆಗಳಲ್ಲೂ ಇದೇ ಮೇವಿನಲ್ಲಿ ಸಾಕಿಸಿ. ಸಾಕುವುದರ ಉಸ್ತುವಾರಿ ನಿಮ್ಮ ಯಜಮಾನಿಯವರದು, ಅಂಗಡಿ ನಿಮ್ಮದು ಎಂದು ಒಪ್ಪಂದಕ್ಕೆ ಕೈ ನೀಡಿದ. ಚಪ್ಪಲಿ ಮೆಟ್ಟುತ್ತಾ, ಸೊಪ್ಪು ತರುವುದನ್ನು ನೋಡಲು ಯಾವುದಾದರೂ ಬೆಳಗ್ಗೆ ಹೇಳದೆ ಬರುತ್ತೇನೆ ಎಂದ.

ಯಾವ ಬೆಳಗ್ಗೆ ಎಂದು ಹೇಳಿದ್ದರೆ ನನ್ನ ಕಥೆ ಬೇರೆಯಾಗುತ್ತಿತ್ತು.

ಚಿಲಕನನ್ನು ಅಂಗಡಿಗೆ ವಾಪಸು ಒಯ್ಯಲೇ ಎಂದು ಅವತ್ತು ಸಂಜೆ ಕೇಳಿದೆ. ಬೇಡ, ಅಷ್ಟು ಬೆಲೆ ತೆತ್ತ ಪ್ರಾಣಿಯನ್ನು ತಿಂದರೆ ಯಾರಿಗೂ ಅರಗುವುದಿಲ್ಲ, ಹಿತ್ತಲಲ್ಲೇ ಇರಲಿ ಎಂದಳು. ಹಾಗಾಗಿ ಈಗ ಅದು ನಮ್ಮ ಮನೆಯ ಮೇಲ್ವಿಚಾರಕ. ನಾನು ಹೊರೆ ಇಳಿಸಿದ ಕೂಡಲೇ ಬಂದು ಮೂಸಿ ನೋಡುತ್ತದೆ. ಸೊಪ್ಪು ಬಲಿತಿದ್ದರೆ ಮುಖ ತಿರುಗಿಸಿ ಹೆಂಡತಿಗೆ ದೂರು ಕೊಡುತ್ತದೆ. ಹೊಳೆಯಾಚೆ ಹಿಪ್ಪುನೇರಳೆ ತೋಟ. ಅಲ್ಲಿಂದ ಹೊರೆ ಹೊತ್ತು ಮಾರುಕಟ್ಟೆಯ ನಡುವೆಯೇ ಬರಬೇಕು. ಗಾಜಿನಂಗಡಿಯವನು ಗಾಜಿನ ಹಿಂದಿನಿಂದ ಕೈಬೀಸುತ್ತಾನೆ. ದಲ್ಲಾಳಿ ಮಾತ್ರ ರಸ್ತೆಗೇ ಇಳಿದು ಬಂದು, ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು, "ಯಾವ ತಳಿ ಅಣ್ಣಾ ಸೊಪ್ಪು?" ಎಂದು ಕೇಳುತ್ತಾನೆ. ಅಂಗಡಿಯಲ್ಲಿ ಈಗ ನೊಣ ಓಡಿಸಲು ನನಗೆ ಪುರುಸೊತ್ತಿಲ್ಲ. ಬಾಣಸಿಗ ಇನ್ನೂ ಸೊಪ್ಪು ನೋಡಲು ಬಂದಿಲ್ಲ. ಬರುವವರೆಗೆ ಹೊರುವುದೇ, ಬಂದುಹೋದ ಮೇಲೂ ಹೊರುವುದೇ ಎಂದು ಹೆಂಡತಿಯನ್ನು ಕೇಳಿದ್ದಕ್ಕೆ, ಹೇಳಿದ ಮಾತು ಸುಳ್ಳಾಗಬಾರದಲ್ಲ ಎಂದಳು.

ಅವಳಿಗೆ ನಾನು ಕೊಡಬೇಕಾದದ್ದು ದಿನಕ್ಕೊಂದು ಹೊರೆ ಸೊಪ್ಪು. ಇವತ್ತಿನದು ಇನ್ನೂ ತಂದಿಲ್ಲ.